ಕೈಗೆ ಕೆಲಸ ಕೊಡಿ, ಕಾಲಿಗೆ ದಾರಿ ಬಿಡಿ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯಿಂದ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ, ಸಂತೆಯಲ್ಲೋ ಮದುವೆಯಲ್ಲೋ ಸಿಕ್ಕವರ ಮಾತಿನಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. “ನಮ್ಮ ಹುಡುಗ ನಾಕನೇತ್ತ ಮುಗಿಸ್ಯಾನ್ರೀ. ಓದಿನಾಗ ಶಾಣ್ಯಾ ಇದ್ದಾನ. ಆದ್ರ ತನ್ನ ಕೆಲಸ ತಾ ಮಾಡ್ಕೊಳ್ಳೂದಿಲ್ಲ. ಅಂಗಿ ಗುಂಡಿ ಹಾಕೂದ್ರಿಂದ ಹಿಡದು ಪಾಟಿಚೀಲ ತುಂಬೂತನಕ ಅವರವ್ವನ ಮಾಡಬೇಕು. ಹಾಸ್ಟೆಲ್‌ಗೆ ಹಾಕಿದ್ರ ಸುಧಾರಸ್ತಾನೇನ್ರೀ?” ಕೇಳುವವರು ನೇಕಾರರೂ ಹೌದು, ಕಬ್ಬು ಬೆಳೆಯುವವರೂ ಹೌದು, ಪಗಾರದ ನೌಕರರೂ ಹೌದು. ಪ್ರಶ್ನೆಯ ಹಿಂದಿರುವ ಕಳಕಳಿ ನನಗೆ ಅರ್ಥವಾಗುತ್ತದೆ. ನವೋದಯ, ಸೈನಿಕ ಶಾಲೆ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ತಯಾರಿ ಮಾಡಿಸುವ ಕೋಚಿಂಗ್ ಕೇಂದ್ರಗಳ ಬೋರ್ಡು ಈಗ ನಮ್ಮ ಊರುಗಳ ಯಾವ ಸರ್ಕಲ್ಲಿನಲ್ಲಿ ನಿಂತರೂ ಕಾಣುತ್ತದೆ. ಒಂಬತ್ತು-ಹತ್ತು ವರ್ಷದ ಮಕ್ಕಳು ಟ್ರಂಕು ಹಿಡಿದು ಮನೆ ಬಿಡುತ್ತಿದ್ದಾರೆ. ಹಾಸ್ಟೆಲ್ಲಿನಲ್ಲಿ ಓದೂ ಆಗುತ್ತದೆ, ಸ್ವಂತ ಕಾಲ ಮೇಲೆ ನಿಲ್ಲುವುದೂ ಬರುತ್ತದೆ ಎಂಬುದು ಹೆತ್ತವರ ನಂಬಿಕೆ.

ನನ್ನ ಅಭಿಪ್ರಾಯ ಬೇರೆ. ವಸತಿ ಶಾಲೆಗಳನ್ನು ನಾನು ಹೀಗಳೆಯುವುದಿಲ್ಲ. ಬಡವರ ಮನೆಯ ಎಷ್ಟೋ ಮಕ್ಕಳಿಗೆ ಅವು ಬಾಗಿಲು ತೆರೆದಿವೆ. ಆದರೆ ಗಂಟೆ ಹೊಡೆದಾಗ ಏಳುವುದು, ಸಾಲಿನಲ್ಲಿ ನಿಂತು ಉಣ್ಣುವುದು, ಹೇಳಿದಾಗ ಓದುವುದು ಇವೆಲ್ಲ ಶಿಸ್ತು. ಏನು ಮಾಡಬೇಕೆಂದು ತಾನೇ ಯೋಚಿಸಿ, ಮಾಡಿ, ತಪ್ಪಿದ್ದನ್ನು ತಾನೇ ತಿದ್ದಿಕೊಳ್ಳುವುದು ಬೇರೆಯೇ ಶಕ್ತಿ. ಅದರ ಬೇರು ಹತ್ತನೆಯ ವರ್ಷದಲ್ಲಿ ಇಳಿಯುವುದಿಲ್ಲ, ಎರಡರಿಂದ ಆರನೆಯ ವರ್ಷದೊಳಗೆ ಮನೆಯಲ್ಲೇ ಇಳಿಯುತ್ತದೆ. ಹಾಸ್ಟೆಲ್ ಸುಧಾರಿಸಲಿ ಎಂದು ನಾವು ಬಯಸುವ ಗುಣವನ್ನು ಅದಕ್ಕೂ ಮೊದಲೇ ನಮ್ಮ ಕೈಯಾರೆ ತಡೆದಿರುತ್ತೇವೆ.

ಹೇಗೆಂದರೆ, ಎರಡು ವರ್ಷದ ಮಗುವನ್ನು ನೋಡಿ. ಕಸಬರಿಗೆ ಎಳೆಯುತ್ತದೆ, ಹಿಟ್ಟಿನ ಪರಾತಕ್ಕೆ ಕೈ ಹಾಕುತ್ತದೆ, ತಂಬಿಗೆ ಎತ್ತಲು ಹೋಗಿ ನೀರು ಚೆಲ್ಲುತ್ತದೆ. “ನಾನಽ ಮಾಡ್ತೀನಿ” ಎಂದು ಹಟ ಹಿಡಿಯುತ್ತದೆ. ಅದನ್ನು ನಾವು ಕಿಡಿಗೇಡಿತನ ಎಂದುಕೊಳ್ಳುತ್ತೇವೆ. ಜರ್ಮನಿಯ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲೊ ಎಂಬ ಇಬ್ಬರು ಸಂಶೋಧಕರು 18 ತಿಂಗಳ ಮಕ್ಕಳ ಮುಂದೆ ಬಟ್ಟೆ ಒಣಹಾಕುತ್ತ ಕ್ಲಿಪ್ಪು ಬೀಳಿಸಿದರು, ಕೈತುಂಬ ಸಾಮಾನು ಹಿಡಿದು ಕಪಾಟಿನ ಬಾಗಿಲ ಮುಂದೆ ತಡವರಿಸಿದರು. ಯಾರೂ ಕೇಳಿಕೊಳ್ಳದಿದ್ದರೂ ಆ ಮಕ್ಕಳಲ್ಲಿ ಹೆಚ್ಚಿನವರು ಎದ್ದು ಬಂದು ನೆರವಾದರು. ಇದು ಪ್ರಕಟವಾದದ್ದು 2006ರಲ್ಲಿ. ಎರಡು ವರ್ಷದ ನಂತರ ಅವರೇ ಇನ್ನೊಂದು ವಿಷಯ ತೋರಿಸಿದರು. ನೆರವಿಗೆ ಬಂದ 20 ತಿಂಗಳ ಮಕ್ಕಳಲ್ಲಿ ಕೆಲವರಿಗೆ ಪ್ರತಿ ಸಲ ಬಹುಮಾನ ಕೊಟ್ಟರು, ಕೆಲವರನ್ನು ಬರೀ ಹೊಗಳಿದರು, ಕೆಲವರಿಗೆ ಏನನ್ನೂ ಕೊಡಲಿಲ್ಲ. ಆಮೇಲೆ ಬಹುಮಾನ ನಿಲ್ಲಿಸಿ ನೋಡಿದಾಗ, ಬಹುಮಾನ ಪಡೆದ ಮಕ್ಕಳೇ ನೆರವಾಗುವುದನ್ನು ಕಡಿಮೆ ಮಾಡಿದ್ದರು. ಅಂದರೆ ಕೆಲಸ ಮಾಡುವ ಆಸೆಯನ್ನು ನಾವು ಮಗುವಿನೊಳಗೆ ತುಂಬಬೇಕಿಲ್ಲ. ಅದು ಮೊದಲೇ ಇರುತ್ತದೆ. “ಇಷ್ಟ್ ಮಾಡು, ಚಾಕಲೇಟ್ ಕೊಡಸ್ತೀನಿ” ಎಂಬ ಮಾತು ಅದನ್ನು ಕೆಡಿಸುತ್ತದೆ. “ನೀ ಸುಮ್ನ ಕುಂದ್ರು, ನಿನಗ ಬರೂದಿಲ್ಲ” ಎಂಬ ಮಾತು ಇನ್ನೂ ಹೆಚ್ಚು ಕೆಡಿಸುತ್ತದೆ. ಎರಡನೆಯ ವರ್ಷದಲ್ಲಿ ಬ್ಯಾಡ ಬ್ಯಾಡ ಎಂದು ಕೂಡಿಸಿದ ಮಗುವನ್ನು ಹತ್ತನೆಯ ವರ್ಷದಲ್ಲಿ ಮೈಗಳ್ಳ ಎಂದು ಬೈಯುವುದು ನ್ಯಾಯವಲ್ಲ.

ನಮ್ಮ ಸೀಮೆಯ ಅಡಿಗೆಮನೆಯಲ್ಲಿ ಇದಕ್ಕೆ ಒಂದು ಒಳ್ಳೆಯ ರೂಢಿ ಇತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಅವ್ವ ಜೋಳದ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕುಳಿತ ಮಗುವಿಗೂ ನಿಂಬೆಗಾತ್ರದ ಹಿಟ್ಟಿನ ಉಂಡಿ ಕೊಡುತ್ತಾಳೆ. ಮಗು ತಟ್ಟಿದ್ದು ಸೊಟ್ಟಪಟ್ಟ ಆಗುತ್ತದೆ, ಅಂಚು ಹರಿಯುತ್ತದೆ. ಆದರೂ ಅದನ್ನು ಹಂಚಿನ ಮೇಲೆ ಹಾಕಿ ಬೇಯಿಸಿ, ಬೆಣ್ಣೆ ಸವರಿ ಅದರ ತಾಟಿಗೇ ಹಾಕುತ್ತಾರೆ. ಈ ಸಣ್ಣ ನಡತೆಯಲ್ಲಿ ಕಲಿಕೆಗೆ ಬೇಕಾದದ್ದೆಲ್ಲ ಇದೆ. ಕೆಲಸ ನಿಜವಾದದ್ದು, ಆಟಿಕೆಯದ್ದಲ್ಲ. ಅಳತೆ ಮಗುವಿನ ಕೈಗೆ ತಕ್ಕದ್ದು. ತಪ್ಪಿದರೆ ತಿಳಿಯುತ್ತದೆ, ಏಕೆಂದರೆ ಹರಿದ ರೊಟ್ಟಿ ಉಬ್ಬುವುದಿಲ್ಲ. ಬೆಂಕಿಯ ಹತ್ತಿರದ ಕೆಲಸ ದೊಡ್ಡವರದೇ ಉಳಿಯುತ್ತದೆ. ಮಾಡಿದ್ದು ಉಣ್ಣಲು ಬರುತ್ತದೆ. ಶೇಂಗಾ ಸುಲಿಯುವುದು, ಮೆಂತ್ಯ ಪಲ್ಯ ಸೋಸುವುದು, ಒಣಗಿದ ಬಟ್ಟೆಯನ್ನು ತನ್ನದು-ಅಣ್ಣನದು ಎಂದು ಬೇರೆ ಮಾಡಿ ಮಡಚುವುದು, ಕರುವಿಗೆ ನೀರು ಇಡುವುದು, ಇವೆಲ್ಲ ಮೂರು-ನಾಲ್ಕು ವರ್ಷಕ್ಕೆ ಸಾಧ್ಯ. ಮನೆಯಲ್ಲಿ ಆಗಬೇಕಾದ ಬದಲಾವಣೆಯೂ ಸಣ್ಣದೇ. ನೀರಿನ ತಂಬಿಗೆ, ಲೋಟ, ಅಂಗಿ-ಚಡ್ಡಿ, ಚಪ್ಪಲಿ ಮಗುವಿನ ಕೈಗೆ ನಿಲುಕುವ ಎತ್ತರದಲ್ಲಿರಲಿ. ಕೇಳಿ ಪಡೆಯುವ ವಸ್ತು ಕಡಿಮೆಯಾದಷ್ಟೂ ತಾನೇ ಮಾಡುವ ಕೆಲಸ ಹೆಚ್ಚುತ್ತದೆ.

“ಅಷ್ಟು ಹೊತ್ತು ಎಲ್ಲಿಂದ ತರೂದ್ರೀ?” ಎಂದು ತಾಯಂದಿರು ಕೇಳುವುದು ಸಹಜ. ಬೆಳಿಗ್ಗೆ ಹೊಲಕ್ಕೆ ಕೂಲಿಗೆ ಹೋಗಬೇಕಾದವಳಿಗೆ, ಮಗ್ಗದ ಸದ್ದು ಶುರುವಾಗುವ ಮುಂಚೆ ಅಡಿಗೆ ಮುಗಿಸಬೇಕಾದವಳಿಗೆ ಮಗು ಅಂಗಿ ಹಾಕಿಕೊಳ್ಳುವ ತನಕ ಕಾಯುವುದು ಸುಲಭವಲ್ಲ. ನಾನು ಹೇಳುವುದು ಇಷ್ಟೇ: ದಿನದ ಎಲ್ಲ ಕೆಲಸಕ್ಕೂ ಕಾಯಬೇಡಿ, ಒಂದು ಕೆಲಸಕ್ಕೆ ಕಾಯಿರಿ. ಆ ಒಂದು ಕೆಲಸ ಪೂರ್ತಿ ಮಗುವಿನದಾಗಲಿ. ಆಮೇಲೆ ಇನ್ನೊಂದು ಕೊಡಿ. ಅಪ್ಪನೂ ಕಾಯಲಿ, ಅಜ್ಜ-ಅಜ್ಜಿ ಕಾಯಲಿ. ಮನೆಯ ಗಂಡಸರು ಕಟ್ಟೆಯ ಮೇಲೆ ಕಳೆಯುವ ಹೊತ್ತಿನಲ್ಲಿ ಒಂದು ಪಾಲು ಮಗುವಿಗೆ ಸಿಕ್ಕರೆ ತಾಯಿಯ ಮೇಲಿನ ಭಾರ ಅರ್ಧ ಇಳಿಯುತ್ತದೆ.

ಇದರಲ್ಲಿ ಹೊಸದೇನೂ ಇಲ್ಲ. ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸರಿ 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತೆರೆದ ಮೊದಲ ಮಕ್ಕಳ ಮನೆಯಲ್ಲಿ ಸೇರಿದ್ದು ಕೂಲಿಕಾರರ ಮಕ್ಕಳು. ಅವರ ದಿನದಲ್ಲಿ ಕೈ ತೊಳೆಯುವುದು, ಗುಂಡಿ ಹಾಕುವುದು, ನೆಲ ಗುಡಿಸುವುದು, ನೀರು ಸುರಿಯುವುದು, ಊಟ ಬಡಿಸುವುದು ದೊಡ್ಡ ಭಾಗವಾಗಿದ್ದವು. 1939ರಲ್ಲಿ ಆಕೆ ಭಾರತಕ್ಕೆ ಬಂದು ಮದ್ರಾಸಿನ ಅಡ್ಯಾರಿನಲ್ಲಿ ಶಿಕ್ಷಕರಿಗೆ ತರಬೇತಿ ಕೊಟ್ಟರು. ಎರಡನೇ ಮಹಾಯುದ್ಧದ ಕಾರಣ ವರ್ಷಗಟ್ಟಲೆ ಇಲ್ಲೇ ಉಳಿದರು. ಇಂದು ಆಕೆಯ ಹೆಸರು ನಮ್ಮ ಸಣ್ಣ ಪಟ್ಟಣಗಳ ಶಾಲೆಗಳ ಬೋರ್ಡುಗಳ ಮೇಲೂ ಇದೆ. ಒಳಗೆ ಹೋದರೆ ಮಾತ್ರ ಹಲವು ಕಡೆ ನಾಲ್ಕು ವರ್ಷದ ಮಕ್ಕಳು ಬೆಂಚಿನ ಮೇಲೆ ಸಾಲಾಗಿ ಕುಳಿತು ಕಾಪಿ ಬರೆಯುತ್ತಿರುತ್ತಾರೆ. ಬೋರ್ಡು ನೋಡಿ ಶುಲ್ಕ ಕಟ್ಟುವ ಮೊದಲು ಒಂದು ಬೆಳಿಗ್ಗೆ ಅಲ್ಲಿ ನಿಂತು, ಮಗು ಅಲ್ಲಿ ಏನನ್ನು ಕೈಯಿಂದ ಮಾಡುತ್ತದೆ, ತಾನೇ ಏನನ್ನು ಆರಿಸಿಕೊಳ್ಳುತ್ತದೆ ಎಂದು ನೋಡಿ.

ನಮ್ಮದೇ ರಾಜ್ಯದಲ್ಲಿ ಇದಕ್ಕಿಂತ ಹತ್ತಿರದ ಪರಂಪರೆಯೊಂದಿದೆ. ಶಿಕ್ಷಣತಜ್ಞ ಡೇವಿಡ್ ಹಾರ್ಸ್‌ಬರೊ 1972ರಲ್ಲಿ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಎಂಬ ಹಳ್ಳಿಶಾಲೆ ಕಟ್ಟಿದರು. ಸುತ್ತಲಿನ ಬೇರೆ ಬೇರೆ ವಯಸ್ಸಿನ ಬಡ ಮಕ್ಕಳು ಅಲ್ಲಿ ಒಟ್ಟಿಗೆ ಕಲಿತರು. ಪರೀಕ್ಷೆಯ ಹೆದರಿಕೆ ಇರಲಿಲ್ಲ. ಓದಿನ ಜೊತೆಗೆ ಬಡಗಿ ಕೆಲಸ, ಮಣ್ಣಿನ ಕೆಲಸ, ತೋಟದ ಕೆಲಸ ನಡೆಯುತ್ತಿತ್ತು. ಆ ವಿಚಾರ ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳಿಗೆ ಹರಿಯಿತು. ಅಲ್ಲಿಗೆ ಹೋಗಿ ನೋಡಿ ಬಂದ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಯ ಶಿಕ್ಷಕರು 1995ರಲ್ಲಿ ‘ನಲಿ-ಕಲಿ’ ಶುರು ಮಾಡಿದರು. 2009-10ರಿಂದ ಅದು ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಬಂತು. ನಲಿ-ಕಲಿ ತರಗತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗಳಾಗಿ ಕೂಡುತ್ತಾರೆ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಮಗುವೇ ನೋಡಿಕೊಂಡು ತನ್ನ ಕಾರ್ಡು ತೆಗೆದುಕೊಳ್ಳುತ್ತದೆ. ಜ್ವರ ಬಂದು ವಾರ ತಪ್ಪಿಸಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಅರ್ಧ ನೆರವು, ಮತ್ತೊಂದಕ್ಕೆ ಗೆಳೆಯರ ನೆರವು, ಕೊನೆಗೆ ತಾನೇ ಕಲಿಯುವ ಗುಂಪು. ನೆರವನ್ನು ಹಂತಹಂತವಾಗಿ ಹಿಂದೆಗೆಯುವ ಈ ಜಾಣ್ಮೆ ನಮ್ಮೂರ ಕನ್ನಡ ಸಾಲಿಯಲ್ಲಿ ಪುಕ್ಕಟೆ ಸಿಗುತ್ತದೆ. ಎಲ್ಲ ಕಡೆ ಅದು ಚೆನ್ನಾಗಿ ನಡೆಯುತ್ತದೆ ಎನ್ನಲಾರೆ. ಒಬ್ಬರೇ ಶಿಕ್ಷಕರಿಗೆ ಮೂರು ತರಗತಿ, ಜೊತೆಗೆ ಕಚೇರಿ ಕೆಲಸವೂ ಬಿದ್ದರೆ ಯಾವ ಪದ್ಧತಿಯೂ ಸೊರಗುತ್ತದೆ. ಆದರೆ “ಅಲ್ಲಿ ಬರೇ ಆಟ ಆಡಸ್ತಾರ” ಎಂಬ ಕಾರಣಕ್ಕೆ ಮಗುವನ್ನು ಬಿಡಿಸಿಕೊಂಡು ಹೋಗುವವರು, ಆ ಆಟದಲ್ಲೇ ಮಗು ತನ್ನ ಓದನ್ನು ತಾನು ನಡೆಸುವುದನ್ನು ಕಲಿಯುತ್ತದೆ ಎಂಬುದನ್ನು ಗಮನಿಸಬೇಕು.

ಶಾಲೆಗಿಂತ ಹಳೆಯ ಶಾಲೆಯೊಂದು ನಮ್ಮ ಪಂಚಾಂಗದಲ್ಲೇ ಇದೆ. ಕಾರಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡುತ್ತಾರೆ. ಎರಡಕ್ಕೂ ಬೇಕಾದದ್ದು ಎರೆಮಣ್ಣು ಮತ್ತು ಮಕ್ಕಳ ಕೈ. ಮಣ್ಣು ತರುವುದು, ಹರಳು ಆರಿಸಿ ತೆಗೆಯುವುದು, ನೀರು ಹದವಾಗಿ ಹಾಕಿ ನಾದುವುದು, ಎತ್ತಿನ ಕೋಡು ಮುರಿಯದಂತೆ ಕೂಡಿಸುವುದು, ಗುಳ್ಳವ್ವನಿಗೆ ಗುಲಗಂಜಿ, ಕುಸುಬಿ ಒತ್ತಿ ಸಿಂಗರಿಸುವುದು, ಇಷ್ಟೂ ದೊಡ್ಡವರ ಪಾಠವಿಲ್ಲದೆ ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ಹೋಗುತ್ತಿತ್ತು. ಪೆನ್ಸಿಲ್ ಹಿಡಿಯಲು ಬೆರಳಿಗೆ ಬೇಕಾದ ಬಲ ಅಲ್ಲೇ ಬರುತ್ತಿತ್ತು. ಈಗ ಪೇಟೆಯಲ್ಲಿ ಜೋಡೆತ್ತು ತಯಾರಾಗಿ, ಬಣ್ಣ ಬಳಿದುಕೊಂಡು ಮಾರಾಟಕ್ಕೆ ಬರುತ್ತವೆ. ಕುಂಬಾರರ ಹೊಟ್ಟೆಪಾಡಿನ ಬಗ್ಗೆ ನನಗೆ ಗೌರವವಿದೆ. ಪೂಜೆಗೆ ಅವರಿಂದ ಒಂದು ಜೋಡಿ ತನ್ನಿ, ಆದರೆ ಮಗುವಿನ ಮುಂದೆ ಒಂದು ಬುಟ್ಟಿ ಮಣ್ಣನ್ನೂ ಸುರಿಯಿರಿ. ಅಂಗಿ ಹೊಲಸಾಗುತ್ತದೆ, ತೊಳೆದರೆ ಹೋಗುತ್ತದೆ.

ಬನಹಟ್ಟಿ, ರಬಕವಿಯ ಓಣಿಗಳಲ್ಲಿ ಬೆಳೆದ ಮಕ್ಕಳಿಗೆ ಇನ್ನೊಂದು ಲೋಕ ಬಾಗಿಲಲ್ಲೇ ಇದೆ. ಹಾಸು ಯಾವುದು, ಹೊಕ್ಕು ಯಾವುದು, ಲಾಳಿ ಹೇಗೆ ಓಡುತ್ತದೆ, ಅಂಚಿಗೆ ಯಾವ ಬಣ್ಣ ಹೊಂದುತ್ತದೆ ಎಂದು ನೇಕಾರರ ಮನೆಯ ಐದು ವರ್ಷದ ಮಗು ನೋಡಿಯೇ ತಿಳಿದಿರುತ್ತದೆ. ನೂಲಿನ ಬಣ್ಣ ಬೇರ್ಪಡಿಸುವುದು, ಎಳೆ ಎಣಿಸುವುದು, ಮಡಚಿದ ಸೀರೆ ಲೆಕ್ಕ ಹಾಕುವುದು ಗಣಿತವೇ. ಆದರೆ ಇಲ್ಲಿ ಗೆರೆಯೊಂದನ್ನು ಸ್ಪಷ್ಟವಾಗಿ ಎಳೆಯಬೇಕು. ಮಗು ಬೆಳೆಯಲೆಂದು ಕೊಡುವ ಕೆಲಸ ಬೇರೆ, ಮನೆಯ ಗಳಿಕೆ ಹೆಚ್ಚಲೆಂದು ಮಗುವಿನಿಂದ ತೆಗೆಯುವ ಕೆಲಸ ಬೇರೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸುತ್ತದೆ. ಮನೆಯ ಕಸುಬಿನಲ್ಲಿ ನೆರವಾಗುವುದಕ್ಕೂ ಶಾಲೆಯ ಹೊತ್ತು ಬಿಟ್ಟು, ಅಪಾಯವಿಲ್ಲದ ಕೆಲಸವಾಗಿರಬೇಕು ಎಂಬ ಷರತ್ತಿದೆ. ಓಡುವ ವಿದ್ಯುತ್ ಮಗ್ಗದ ಪಟ್ಟಿಯ ಹತ್ತಿರ, ಕಿವಿ ಗುಂಯ್‌ಗುಡುವ ಆ ಸದ್ದಿನ ನಡುವೆ ಮಗು ತಾಸುಗಟ್ಟಲೆ ಇರಬಾರದು. ಕಬ್ಬಿನ ಹಂಗಾಮಿನಲ್ಲಿ ಹೊರಗಿನಿಂದ ಕಡಿಯಲು ಬಂದ ಗ್ಯಾಂಗಿನ ಮಕ್ಕಳು ಸಾಲಿ ಬಿಟ್ಟು ಸೋಗೆ ಹೊರುವುದನ್ನು ‘ಅನುಭವ’ ಎಂದು ಕರೆಯಬಾರದು. ಕೆಲಸ ಮುಗಿಸಿ ಆಡಲು ಹೋಗುವ ಹಕ್ಕು, ಇವತ್ತು ಬ್ಯಾಡ ಎನ್ನುವ ಹಕ್ಕು ಮಗುವಿಗೆ ಇದ್ದರೆ ಅದು ಕಲಿಕೆ, ಇಲ್ಲದಿದ್ದರೆ ದುಡಿಮೆ.

ಇನ್ನು ಸ್ವಾತಂತ್ರ್ಯದ ಮಾತು. ನಮ್ಮಲ್ಲಿ ಸ್ವಾತಂತ್ರ್ಯ ಎಂದರೆ ಒಂದೋ ಪೂರ್ತಿ ಬಿಟ್ಟುಬಿಡುವುದು, ಇಲ್ಲವೇ ಬಾಗಿಲಿನಾಚೆ ಬಿಡದಿರುವುದು. ಎರಡೂ ಸರಿಯಲ್ಲ. ನಮ್ಮ ಕಡೆ ಬಾವಿಯಲ್ಲಿ ಈಸು ಕಲಿಸುವ ಕ್ರಮವೇ ನನಗೆ ಸರಿಯಾದ ದಾರಿಯಾಗಿ ಕಾಣುತ್ತದೆ. ಮಗುವಿನ ಸೊಂಟಕ್ಕೆ ಹಗ್ಗ, ಬೆನ್ನಿಗೆ ಖಾಲಿ ಕ್ಯಾನು ಕಟ್ಟುತ್ತಾರೆ. ಹಗ್ಗದ ತುದಿ ಈಸು ಬಲ್ಲ ಕಾಕಾನ ಕೈಯಲ್ಲಿರುತ್ತದೆ. ಮೊದಲು ಬಿಗಿ, ಕೈಕಾಲು ಬಡಿಯಲು ಬಂದ ಹಾಗೆ ಸಡಿಲ. ಆಮೇಲೆ ಕ್ಯಾನು ಬಿಚ್ಚುತ್ತಾರೆ, ಕೊನೆಗೆ ಹಗ್ಗವನ್ನೂ ಬಿಚ್ಚುತ್ತಾರೆ. ಯಾವಾಗ ಎಷ್ಟು ಸಡಿಲ ಬಿಡಬೇಕೆಂದು ಮಗುವಿನ ಮೈಯನ್ನು ನೋಡಿ ನಿರ್ಧರಿಸುತ್ತಾರೆ, ಪಕ್ಕದ ಮನೆಯ ಹುಡುಗನನ್ನು ನೋಡಿ ಅಲ್ಲ. ರಸ್ತೆ ದಾಟುವುದು, ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವುದು, ಚಾಕುವಿನಿಂದ ಉಳ್ಳಾಗಡ್ಡಿ ಹೆಚ್ಚುವುದು, ಬಸ್ಸಿನಲ್ಲಿ ಅಜ್ಜಿಯ ಊರಿಗೆ ಹೋಗುವುದು, ಎಲ್ಲದಕ್ಕೂ ಇದೇ ಕ್ರಮ ಸಲ್ಲುತ್ತದೆ. ಮೊದಲು ಕೂಡಿ ಮಾಡಿ, ಆಮೇಲೆ ಹಿಂದೆ ನಿಂತು ನೋಡಿ, ಆಮೇಲೆ ಒಬ್ಬರನ್ನೇ ಕಳಿಸಿ.

ಈಸಿನ ಮಾತು ನಮಗೆ ಬರೀ ಉದಾಹರಣೆಯೂ ಅಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಘಟಪ್ರಭೆ, ಬೀಳಗಿಯ ತನಕ ಆಲಮಟ್ಟಿಯ ಹಿನ್ನೀರು, ಹೊಲದಲ್ಲಿ ಕೃಷಿಹೊಂಡ, ಊರ ಹತ್ತಿರ ಕಾಲುವೆ. ಇಂಥ ಸೀಮೆಯಲ್ಲಿ ನೀರಿನ ಹತ್ತಿರ ಹೋಗಬ್ಯಾಡ ಎಂದಷ್ಟೇ ಹೇಳಿ ಬೆಳೆಸಿದ ಮಗುವಿಗೆ ಅಪಾಯ ಹೆಚ್ಚು, ಏಕೆಂದರೆ ಒಂದು ದಿನ ಗೆಳೆಯರ ಜೊತೆ ಅದು ಹೋಗೇ ಹೋಗುತ್ತದೆ. ಎಳೆಯ ಮಕ್ಕಳನ್ನು ನೀರಿನಿಂದ ದೂರ, ಯಾರದಾದರೂ ಕಣ್ಗಾವಲಿನಲ್ಲಿ ಇಡಬೇಕು, ಆರು ವರ್ಷ ದಾಟಿದ ಮಕ್ಕಳಿಗೆ ಈಜು ಮತ್ತು ನೀರಿನ ಎಚ್ಚರಿಕೆಗಳನ್ನು ಕಲಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹೆಣ್ಣುಮಕ್ಕಳಿಗೂ ಕಲಿಸಬೇಕು ಎಂದು ನಾನು ಸೇರಿಸುತ್ತೇನೆ. ಬಟ್ಟೆ ಒಗೆಯಲು ನದಿಗೆ, ಕಾಲುವೆಗೆ ಹೋಗುವವರು ಹೆಚ್ಚಾಗಿ ಅವರೇ.

ಹೆಣ್ಣು-ಗಂಡಿನ ವಿಷಯದಲ್ಲಿ ನಾವು ಮಾಡುವ ಹಂಚಿಕೆ ನನಗೆ ಬಹಳ ನೋವು ಕೊಡುತ್ತದೆ. ಹತ್ತು ವರ್ಷದ ಹುಡುಗಿಗೆ ಅಡಿಗೆ, ಕಸ, ಮುಸುರೆ, ತಮ್ಮನ ಆರೈಕೆ ಎಲ್ಲ ಬರುತ್ತದೆ, ಆದರೆ ಒಬ್ಬಳೇ ಪೇಟೆಗೆ ಹೋಗುವ ಅನುಮತಿ ಇಲ್ಲ. ಅದೇ ವಯಸ್ಸಿನ ಹುಡುಗ ಊರೆಲ್ಲ ತಿರುಗುತ್ತಾನೆ, ಉಂಡ ತಾಟು ಎತ್ತಿಡುವುದು ಗೊತ್ತಿಲ್ಲ. ಒಬ್ಬಳಿಗೆ ಕೆಲಸ ಕೊಟ್ಟು ದಾರಿ ಕೊಡಲಿಲ್ಲ, ಒಬ್ಬನಿಗೆ ದಾರಿ ಕೊಟ್ಟು ಕೆಲಸ ಕೊಡಲಿಲ್ಲ. ಇಬ್ಬರೂ ಅರ್ಧ ಬೆಳೆಯುತ್ತಾರೆ. ಬಾಲ್ಯವಿವಾಹ ಇನ್ನೂ ಪೂರ್ತಿ ನಿಲ್ಲದ ಜಿಲ್ಲೆ ನಮ್ಮದು. ಬಸ್ಸು ಹತ್ತಿ ಒಬ್ಬಳೇ ಹೋಗಿ ಬಂದು ಗೊತ್ತಿರುವ, ಅಪರಿಚಿತರ ಜೊತೆ ನಿರ್ಭಯವಾಗಿ ಮಾತಾಡಿ ಗೊತ್ತಿರುವ ಹುಡುಗಿಗೆ ತನ್ನ ಬಾಳಿನ ಬಗ್ಗೆ ದನಿ ಎತ್ತುವ ಧೈರ್ಯವೂ ಬರುತ್ತದೆ. 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ನಮ್ಮ ಹಳ್ಳಿರಸ್ತೆಗಳಲ್ಲಿ ಹುಡುಗಿಯರು ಸಾಲಾಗಿ ಪೆಡಲು ತುಳಿಯುತ್ತ ಹೈಸ್ಕೂಲಿಗೆ ಹೋದದ್ದನ್ನು ನೋಡಿದ್ದೇವೆ. ವಿಜಯಪುರ-ಬಾಗಲಕೋಟೆ ಸೀಮೆ ಸೈಕ್ಲಿಂಗ್ ಪಟುಗಳಿಗೆ ಹೆಸರಾದದ್ದು. ಇಲ್ಲಿ ಹುಡುಗಿಯ ಸೈಕಲ್ ಸಾಲಿಯ ಗೇಟಿಗೇ ನಿಲ್ಲುವುದು ಬೇಡ.

ಕೈ-ಕಾಲಿನ ಸ್ವಾತಂತ್ರ್ಯದ ಜೊತೆ ನಿರ್ಧಾರದ ಸ್ವಾತಂತ್ರ್ಯವೂ ಬೆಳೆಯಬೇಕು. ಅದಕ್ಕೆ ಹಣ ಬೇಕಿಲ್ಲ. 2020ರ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಮಗುವನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಪುಸ್ತಕವನ್ನು ಅದೇ ಆರಿಸಲಿ. ಚಿತ್ರ ಹೆಚ್ಚು, ಅಕ್ಷರ ಕಡಿಮೆ ಇರುವುದನ್ನೇ ತಂದರೂ ಸುಮ್ಮನಿರಿ. ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೆ ಕಳಿಸಿ. ಸಾಲಿಯ ಶೌಚಾಲಯಕ್ಕೆ ನೀರಿಲ್ಲ, ಓಣಿಯ ದೀಪ ಕೆಟ್ಟಿದೆ ಎಂದು ಅಧ್ಯಕ್ಷರ ಮುಂದೆ ಎದ್ದು ನಿಂತು ಹೇಳಿದ ಮಗುವಿಗೆ ಪೌರನೀತಿಯ ಪಾಠ ಬೇರೆ ಬೇಕಿಲ್ಲ. ಆ ಸಭೆ ಬರೀ ಫೋಟೊಕ್ಕೆ ಮುಗಿಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.

ಹಾಸ್ಟೆಲ್ಲಿನ ಪ್ರಶ್ನೆಗೆ ಉತ್ತರ ಮುಧೋಳದಲ್ಲೇ ಇದೆ. 949ರಲ್ಲಿ ಅಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ, ಜಿನವಲ್ಲಭ-ಅಬ್ಬಲಬ್ಬೆಯರ ಮಗ, ವಿದ್ಯೆಯನ್ನು ಅರಸಿಕೊಂಡು ದೂರದ ಶ್ರವಣಬೆಳಗೊಳಕ್ಕೆ ಹೋಗಿ ಅಜಿತಸೇನಾಚಾರ್ಯರ ಶಿಷ್ಯನಾದ. ಆತ ಹೋದದ್ದು ತನ್ನ ಹಂಬಲದಿಂದ. ತನಗೇ ಬೇಕೆನಿಸಿ ಹೋಗುವ ಮಗುವಿಗೆ ಮನೆಯಿಂದ ದೂರವಿರುವುದು ಹೊಸ ಶಕ್ತಿ ಕೊಡುತ್ತದೆ. ಸುಧಾರಿಸಲಿ ಎಂದು ಕಳಿಸಿದ ಮಗು ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡು ಹೋಗುತ್ತದೆ. ಆದ್ದರಿಂದ ಮೊದಲು ಮಗುವನ್ನು ಕೇಳಿ, ಶಾಲೆ ತೋರಿಸಿ, ಅಲ್ಲಿ ಓದುವ ಮಕ್ಕಳ ಜೊತೆ ಮಾತಾಡಿಸಿ. ಬ್ಯಾಡ ಎಂದರೆ ಆ ಮಾತಿಗೂ ಬೆಲೆ ಕೊಡಿ. ಸ್ವಂತ ನಿರ್ಧಾರ ಬರಲಿ ಎಂದು ಬಯಸುವವರು ಇಷ್ಟು ದೊಡ್ಡ ನಿರ್ಧಾರದಿಂದ ಮಗುವನ್ನೇ ಹೊರಗಿಡುವುದು ಹೇಗೆ ಸರಿ?

ಕೊನೆಯದಾಗಿ, ಇದು ಒಂದೊಂದು ಮನೆ ಒಬ್ಬಂಟಿಯಾಗಿ ಮಾಡುವ ಕೆಲಸವಲ್ಲ. ಓಣಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಕಣ್ಣೇ ಒಂದು ಕಾಲದಲ್ಲಿ ನಮ್ಮ ಮಕ್ಕಳ ಕಾವಲಾಗಿತ್ತು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನ ಮುಳುಗಡೆಯಿಂದ ಎದ್ದುಹೋದ ಹಳ್ಳಿಗಳು ಪುನರ್ವಸತಿ ಕೇಂದ್ರಗಳಲ್ಲಿ ಮತ್ತೆ ನಿಂತಾಗ ಮನೆ ಸಿಕ್ಕವು, ಅಗಲ ರಸ್ತೆ ಸಿಕ್ಕಿತು, ಆದರೆ ಹಳೆಯ ಓಣಿಯ ಆ ನೆರೆಹೊರೆ ಹಾಗೇ ಕೂಡಿಬರಲಿಲ್ಲ. ಪಟ್ಟಣದ ಹೊಸ ಬಡಾವಣೆಗಳಲ್ಲೂ ಹೀಗೇ ಆಗುತ್ತಿದೆ. ಅದನ್ನು ಮತ್ತೆ ಕಟ್ಟಬೇಕು, ಕಟ್ಟುವುದು ನಮಗೆ ಗೊತ್ತಿದೆ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸರ್ಕಾರದ ದುಡ್ಡಿಗೆ ಕಾಯದೆ, ತಾವೇ ವಂತಿಗೆ ಹಾಕಿ, ತಾವೇ ಬೆವರು ಸುರಿಸಿ 1989ರಲ್ಲಿ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರಿಟ್ಟರು. ಅಷ್ಟು ದೊಡ್ಡ ಕೆಲಸ ಕೂಡಿ ಮಾಡಿದ ಜನಕ್ಕೆ, ಓಣಿಯ ನಾಲ್ಕು ಮನೆಯವರು ಕೂಡಿ ಮಕ್ಕಳು ಸಾಲಿಗೆ ನಡೆದು ಹೋಗುವ ದಾರಿಯನ್ನು ಕಾಯುವುದು ಕಷ್ಟವಲ್ಲ. ಯಾವ ಮೂಲೆಯಲ್ಲಿ ಟ್ರ್ಯಾಕ್ಟರ್ ಜೋರಾಗಿ ಬರುತ್ತದೆ, ಯಾವ ಬಾವಿಗೆ ಕಟ್ಟೆಯಿಲ್ಲ, ಬೆಳಿಗ್ಗೆ ಯಾರು ಎಲ್ಲಿ ನಿಲ್ಲಬಹುದು ಎಂದು ಈ ವಾರವೇ ಕುಳಿತು ಮಾತಾಡಿ. ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ವಿಷಯ ಎತ್ತಿ. ಬಾವಿಗೆ ಕಟ್ಟೆ ಕಟ್ಟಿಸಿ, ರಸ್ತೆಗೆ ಉಬ್ಬು ಹಾಕಿಸಿ. ದೊಡ್ಡವರು ಮಾಡಬೇಕಾದ್ದನ್ನು ಮಾಡಿದ ಮೇಲೆ ಮಕ್ಕಳನ್ನು ನಡೆಯಲು ಬಿಡಿ.